ಬಲ್ಮಠದ ಗುಡ್ಡೆ ಹತ್ತಿದ ಮಗಳಿಗೆ

ಉಡುಪಿ
ಭಾನುವಾರ ಸಂಜೆ

ಪ್ರೀತಿಯ ಮಗಳೇ,

ಮೊನ್ನೆ ತಾನೇ ಫೋನ್ ಮಾಡಿದ್ದೆ, ಪಪ್ಪ ಈಗ ಎಂತ ಪತ್ರ ಬರೆಯುವುದು ಅಂತ ನಗಬೇಡ. ನಿನ್ನ ಅಮ್ಮನ ‘ಊಟ ಆಯ್ತಾ, ಪಲ್ಯ ಎಂತ’ ಮುಗಿಯುವುದರೊಳಗೆ ಹಾಸ್ಟೆಲಿನ ಗಂಟೆ ಹೊಡೆಯುತ್ತದೆ. ನನ್ನ ಸರದಿ ಬರುವುದೇ ಇಲ್ಲ.

ಮಂಗಳೂರಿನ ಬಲ್ಮಠದ ದೇವಶಾಸ್ತ್ರ ಕಾಲೇಜಿನಲ್ಲಿ ಹೀಬ್ರೂ ಬಲದಿಂದ ಎಡಕ್ಕೆ ಓದಿ ತಲೆ ತಿರುಗುತ್ತದೆ ಅಂದೆಯಲ್ಲ, ಅದನ್ನು ಕೇಳಿ ನನಗೆ ಒಳಗೊಳಗೇ ನಗು. ನಿನ್ನ ಪಪ್ಪ ಹದಿನಾರು ವರ್ಷ ಪ್ರೆಸ್ಸಿನಲ್ಲಿ ಮೊಳೆ ಜೋಡಿಸಿದವನು. ಸೀಸದ ಮೊಳೆಯಲ್ಲಿ ಅಕ್ಷರ ಉಲ್ಟಾ ಇರುತ್ತದೆ. ಕನ್ನಡಕ್ಕಂತೂ ಒತ್ತಕ್ಷರ ಬೇರೆ, ದೀರ್ಘ ಬೇರೆ, ಒಂದೊಂದಕ್ಕೂ ಪೆಟ್ಟಿಗೆಯಲ್ಲಿ ಒಂದೊಂದು ಮನೆ. ಮೊದಲ ವಾರ ನಾನು ಜೋಡಿಸಿದ ಮದುವೆ ಕಾಗದದಲ್ಲಿ ಮದುಮಗನ ಹೆಸರಿನ ಒತ್ತು ಅವನ ಮಾವನ ಹೆಸರಿಗೆ ಹೋಗಿ ಕೂತಿತ್ತು. ಧಣಿಗಳ ಬೈಗುಳ ರಸ್ತೆಗೆ ಕೇಳಿಸಿತು. ಆರು ತಿಂಗಳು ಕಳೆದ ಮೇಲೆ ನೋಡಬೇಕಾಗಿಯೇ ಇರಲಿಲ್ಲ, ಬೆರಳು ತಾನಾಗಿ ಆ ಮನೆಗೆ ಹೋಗುತ್ತಿತ್ತು. ದಿನಾ ಒಂದು ಪುಟ ಕೈಯಲ್ಲೇ ಬರೆ, ಸಾಕು.

ಎದುರು ಮನೆ ದೊಡ್ಡಮ್ಮನದು ಬೇರೆ ಕಥೆ. ಮಗಳು ಬಿ.ಡಿ. ಓದುತ್ತಾಳೆ ಅಂದಾಗ ಕೈಯಲ್ಲಿದ್ದ ಬೀಡಿ ಎಲೆ ಕೆಳಗಿಟ್ಟು ನನ್ನ ಮುಖ ನೋಡಿದರು. ದೇವಶಾಸ್ತ್ರದ ಡಿಗ್ರಿ, ಬಂಗಾಳದ ಸೇರಾಂಪುರದಿಂದ ಕೊಡುವುದು ಅಂದೆ. ‘ಹಾಗಾದ್ರೆ ಸಿಸ್ಟರ್ ಆಗುವುದಾ? ಮದುವೆ ಇಲ್ವಾ?’ ಅಂದರು. ಸಿಸ್ಟರ್ ಕೆಥೊಲಿಕರಲ್ಲಿ, ನಮ್ಮದು ಸಿ.ಎಸ್.ಐ., ಅಂದ್ರೆ ಪ್ರೊಟೆಸ್ಟೆಂಟರ ಚರ್ಚ್ ಆಫ್ ಸೌತ್ ಇಂಡಿಯಾ, ನಮ್ಮಲ್ಲಿ ಹೆಂಗಸರು ಸಭಾಪಾಲಕರೂ ಆಗಬಹುದು, ಮದುವೆಯೂ ಆಗಬಹುದು ಅಂತ ಮೂರು ಸಲ ಹೇಳಿದ್ದೇನೆ. ನಾಲ್ಕನೆಯ ಸಲ ನಾಳೆ ಕೇಳುತ್ತಾರೆ.

ಇನ್ನು ಫೋನಿನಲ್ಲಿ ಹೇಳಲಾಗದ್ದು. ನೀನು ಮಿಶನರಿ ಸೇವೆಗೆ ಹೋಗುತ್ತೇನೆ ಅಂದ ದಿನ ನನಗೆ ಖುಷಿ ಆಗಲಿಲ್ಲ. ಹೆದರಿಕೆ ಆಯಿತು. 2008ರ ಸೆಪ್ಟೆಂಬರಿನಲ್ಲಿ ನಮ್ಮ ಕಡೆ ಚರ್ಚುಗಳ ಮೇಲೆ ದಾಳಿ ಆದಾಗ ನೀನು ಸಣ್ಣವಳು, ನೆನಪಿರಲಿಕ್ಕಿಲ್ಲ. ಒಂದು ಸಂಜೆ ಬಾಗಿಲು ಹಾಕಿ ಒಳಗೆ ಕೂತಿದ್ದೆವು. ಇದೇ ದೊಡ್ಡಮ್ಮ ಗೆರಸೆ ಹಿಡಿದುಕೊಂಡು ಬಂದು ನಮ್ಮ ಜಗಲಿಯಲ್ಲಿ ಕೂತರು. ಹೆದರಬೇಡಿ ಅಂತ ಒಂದು ಮಾತೂ ಇಲ್ಲ. ರಾತ್ರಿ ಹತ್ತರವರೆಗೆ ಸುಮ್ನೆ ಬೀಡಿ ಕಟ್ಟಿದರು, ಎದ್ದು ಹೋದರು. ನೀನು ಹೋದ ಊರಿನಲ್ಲಿ ಯಾರ ಜಗಲಿಯಲ್ಲಿ ಹಾಗೆ ಕೂರಬಲ್ಲೆ ಅಂತ ಯೋಚಿಸು ಮಗಳೇ. ಭಾಷಣ ಆಮೇಲೆ.

ನೀನೀಗ ಇರುವ ಗುಡ್ಡೆಯೇ ನೋಡು. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನಿನವರು ಮಂಗಳೂರಿಗೆ ಬಂದು ಇಳಿದದ್ದು 1834ರಲ್ಲಿ. ಅವರಲ್ಲಿ ಹೆಬಿಕ್ ಸಾಹೇಬರು ಜಾತ್ರೆಗಳಲ್ಲಿ ನಿಂತು ಗಟ್ಟಿಯಾಗಿ ಸಾರುತ್ತಿದ್ದರು. ಧೈರ್ಯದ ಮನುಷ್ಯ, ಒಪ್ಪಿದೆ. ಆದರೆ ನನಗೆ ಇಷ್ಟ ಅದೇ ಮಿಶನಿನ ಮೊಗ್ಲಿಂಗ್ ಮತ್ತು ಕಿಟ್ಟೆಲ್. ಮೊಗ್ಲಿಂಗ್ 1843ರ ಜುಲೈ 1ರಂದು ‘ಮಂಗಳೂರ ಸಮಾಚಾರ’ ತೆಗೆದರು, ಕಲ್ಲಚ್ಚಿನಲ್ಲಿ, ಅಂದ್ರೆ ಕಲ್ಲಿನ ಮೇಲೆ ಬರೆದು ಒತ್ತಿ. ಕನ್ನಡದ ಮೊದಲ ಪತ್ರಿಕೆ. ಅದರಲ್ಲಿ ಊರಿನ ವರ್ತಮಾನಕ್ಕೂ ಜಾಗ ಇತ್ತು. ಕಿಟ್ಟೆಲ್ 1853ರಲ್ಲಿ ಬಂದಾಗ ಇಪ್ಪತ್ತೊಂದು ವರ್ಷದ ಹುಡುಗ, ಹೆಚ್ಚುಕಡಿಮೆ ನಿನ್ನದೇ ವಯಸ್ಸು. ಸಾರಲಿಕ್ಕೆ ಬಂದವರು ಜನರ ಬಾಯಿಯ ಮಾತು ಹೆಕ್ಕುತ್ತಾ ಕೂತರು. ಸುಮಾರು ಎಪ್ಪತ್ತು ಸಾವಿರ ಶಬ್ದಗಳ ನಿಘಂಟು ಅಚ್ಚಾಗಿ ಹೊರಬಂದದ್ದು 1894ರಲ್ಲಿ, ಮಂಗಳೂರಿನ ಮಿಶನ್ ಪ್ರೆಸ್ಸಿನಿಂದಲೇ. ನಡುವೆ ನಲವತ್ತೊಂದು ವರ್ಷ! (ಅದಕ್ಕೆ ಮೊಳೆ ಜೋಡಿಸಿದವರ ಹೆಸರು ಮಾತ್ರ ಯಾರೂ ಹೇಳುವುದಿಲ್ಲ. ಅದು ನನ್ನ ಹೊಟ್ಟೆಉರಿ.)

ನೀನು ಹುಟ್ಟಿದ್ದು ಇಲ್ಲಿನ ಮಿಶನ್ ಆಸ್ಪತ್ರೆಯಲ್ಲಿ. 1923ರಲ್ಲಿ ಇವಾ ಲೊಂಬಾರ್ಡ್ ಎಂಬ ಡಾಕ್ಟರಮ್ಮ ಶುರು ಮಾಡಿದ್ದು ಅದು. ಅದೂ ಮಿಶನರಿ ಸೇವೆಯೇ ಅಲ್ವಾ?

ರಾಯಚೂರು ಕಡೆ ಹೋಗುತ್ತೇನೆ ಅನ್ನುತ್ತೀ. ಕನ್ನಡ ಗೊತ್ತುಂಟಲ್ಲ ಅಂತ ಧೈರ್ಯ ಬೇಡ. ನಮ್ಮದು ಪುಸ್ತಕದ ಕನ್ನಡ ಅಂತ ಅಲ್ಲಿಯವರು ನಗುತ್ತಾರೆ, ನೀನೂ ಅವರ ಜೊತೆ ನಗು. ಅವರು ರೊಟ್ಟಿಗೆ, ಮಳೆಗೆ, ಸಿಟ್ಟಿಗೆ ಏನೇನು ಹೇಳುತ್ತಾರೆ ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡು. ಮೊದಲ ವರ್ಷ ಅಷ್ಟು ಮಾಡಿದರೆ ಜಾಸ್ತಿಯೇ ಆಯಿತು. ಗ್ರೀಕಿನಲ್ಲಿ ಮಾರ್ಕು ಸ್ವಲ್ಪ ಕಡಿಮೆ ಬಂದರೂ ನಾನು ಕೇಳುವುದಿಲ್ಲ. ಅಮ್ಮ ಕೇಳುತ್ತಾಳೆ.

ಬುಧವಾರ ನಿನ್ನ ಮಾವ ಮಂಗಳೂರಿಗೆ ಬರುತ್ತಾನೆ. ಜ್ಯೋತಿ ಸ್ಟಾಪಿನಲ್ಲಿ ಬಸ್ ಇಳಿದು ಹಾಸ್ಟೆಲಿಗೆ ಬಂದು ಒಂದು ಕಟ್ಟು ಕೊಡುತ್ತಾನೆ. ಮೇಲಿನದು ಅಮ್ಮನ ಉಪ್ಪಿನಕಾಯಿ. ಅಡಿಯ ಸ್ಟೀಲ್ ಡಬ್ಬದಲ್ಲಿ ದೊಡ್ಡಮ್ಮ ಕೊಟ್ಟ ಹಲಸಿನ ಹಪ್ಪಳ ಉಂಟು. ಪರೀಕ್ಷೆ ಮುಗಿಸಿ ಬಂದಾಗ ತನ್ನ ಮೊಣಕಾಲು ನೋವಿಗೂ ಒಂದು ಪ್ರಾರ್ಥನೆ ಮಾಡಬೇಕಂತೆ. ಹೂಂ ಅಂದಿದ್ದೇನೆ. ಡಬ್ಬ ಮಾತ್ರ ಮರೆಯದೆ ವಾಪಸ್ ತಾ, ಅವರು ಈಗಲೇ ಎರಡು ಸಲ ನೆನಪು ಮಾಡಿದ್ದಾರೆ.

ನಿನ್ನ ಪಪ್ಪ