ದೂರು: ಅಂಚು ಮುಚ್ಚಿದ ಸ್ಲ್ಯಾಬ್ ಮತ್ತು ತಪ್ಪು ಷರಾ

ಇವರಿಗೆ,
ವ್ಯವಸ್ಥಾಪಕರು,
ನಾಣ್ಯ ದರ್ಜೆ ಮತ್ತು ಸ್ಲ್ಯಾಬ್ ವಿಭಾಗ

ವಿಷಯ: ಟಾಲ್ಬಟ್, ಅಲಮ್ ಅಂಡ್ ಲೀ ಟೋಕನ್‌ಗಳನ್ನು (1794, 1795) ಅಂಚು ಕಾಣದಂತೆ ಸ್ಲ್ಯಾಬ್ ಮಾಡಿರುವುದು, 1795ರ ಟೋಕನ್ನಿಗೆ 'ಅಂಚಿಗೆ ಪೆಟ್ಟು' ಎಂದು ಬರೆದಿರುವುದು.

ಮಾನ್ಯರೇ,

ನಮ್ಮ ಸಂಗ್ರಾಹಕರ ಬಳಗ ದರ್ಜೆಗೆಂದು (ಸ್ಥಿತಿ ನೋಡಿ ಅಂಕಿ ಕೊಡಲೆಂದು) ಕಳಿಸಿದ್ದ ಎರಡು ತಾಮ್ರದ ಟೋಕನ್‌ಗಳು, ಅಂದರೆ ವರ್ತಕರು ಹೊರಡಿಸಿದ ಖಾಸಗಿ ನಾಣ್ಯಗಳು, ವಾಪಸು ಬಂದಿವೆ. ಎರಡನ್ನೂ ಸ್ಲ್ಯಾಬ್ ಎಂಬ, ಒಡೆಯದೆ ತೆರೆಯಲಾಗದ ಪ್ಲಾಸ್ಟಿಕ್ ಕವಚದಲ್ಲಿ, ಬಿಳಿ ಬಳೆಯೊಂದರೊಳಗೆ ಬಿಗಿಯಾಗಿ ಕೂರಿಸಿದ್ದೀರಿ. ಎರಡು ಮುಖಗಳು ಕಾಣುತ್ತವೆ, ಅಂಚು ಎಳ್ಳಷ್ಟೂ ಕಾಣುವುದಿಲ್ಲ. ಲೇಬಲ್ಲಿನಲ್ಲೂ ಅಂಚಿನ ಬಗ್ಗೆ ಒಂದಕ್ಷರವಿಲ್ಲ.

ಬೇರೆ ನಾಣ್ಯವಾಗಿದ್ದರೆ ಇದನ್ನು ದೊಡ್ಡದು ಮಾಡುತ್ತಿರಲಿಲ್ಲ. ಭಾರತದೊಂದಿಗೆ ವ್ಯಾಪಾರ ನಡೆಸುತ್ತಿದ್ದ ಟಾಲ್ಬಟ್, ಅಲಮ್ ಅಂಡ್ ಲೀ ಎಂಬ ನ್ಯೂಯಾರ್ಕ್ ವರ್ತಕರು ಬರ್ಮಿಂಗ್‌ಹ್ಯಾಮ್‌ನ ಪೀಟರ್ ಕೆಂಪ್ಸನ್ ಅವರಲ್ಲಿ ಹೊಡೆಸಿದ ಟೋಕನ್ನಿನಲ್ಲಿ ವಾಕ್ಯ ಶುರುವಾಗುವುದೇ ಅಂಚಿನಲ್ಲಿ. 1795ರದ್ದರ ಅಂಚಿನ ಮೇಲೆ 'ವಿ ಪ್ರಾಮಿಸ್ ಟು ಪೇ ದಿ ಬೇರರ್ ಒನ್ ಸೆಂಟ್' ಎಂದಿದೆ. ಹಡಗಿರುವ ಮುಖದಲ್ಲಿ 'ಅಟ್ ದಿ ಸ್ಟೋರ್ ಆಫ್ ಟಾಲ್ಬಟ್, ಅಲಮ್ ಅಂಡ್ ಲೀ, ನ್ಯೂಯಾರ್ಕ್' ಎಂದು ಅದು ಮುಂದುವರಿಯುತ್ತದೆ. 1794ರದ್ದರಲ್ಲಿ 'ಪೇಯಬಲ್ ಅಟ್ ದಿ ಸ್ಟೋರ್ ಆಫ್' ಅಂಚಿನಲ್ಲಿದೆ, ಅಂಗಡಿಯವರ ಹೆಸರು ಮುಖದ ಮೇಲಿದೆ. ಅಂಚು ಮುಚ್ಚಿದರೆ ಹಣ ಕೊಡುತ್ತೇವೆಂಬ ಮಾತೇ ಮರೆಯಾಗುತ್ತದೆ.

ಬೆಲೆ ನಿಲ್ಲುವುದೂ ಅಂಚಿನ ಮೇಲೆ. 1795ರ ಟೋಕನ್‌ಗಳಲ್ಲಿ ಮೇಲೆ ಹೇಳಿದ ಅಂಚು ಸಾಮಾನ್ಯ. 'ಕರೆಂಟ್ ಎವೆರಿವೇರ್' ಎಂಬುದು, 'ಕೇಂಬ್ರಿಜ್ ಬೆಡ್‌ಫರ್ಡ್ ಹಂಟಿಂಗ್‌ಡನ್' ಎಂಬುದು, ಅಕ್ಷರವಿಲ್ಲದ ಬೋಳು ಅಂಚು, ಇವು ಅಪರೂಪ. ಮುಖಗಳನ್ನಷ್ಟೇ ನೋಡಿ ಇವನ್ನು ಬೇರ್ಪಡಿಸಲಾಗದು. 1795ರಲ್ಲಿ ಅಮೆರಿಕದ ಟಂಕಸಾಲೆ ತಾಮ್ರದ ಅಭಾವದಿಂದ ಈ ಟೋಕನ್‌ಗಳನ್ನು 1,076 ಪೌಂಡ್ ತೂಕದಷ್ಟು ಕೊಂಡು, ಅರ್ಧ ಸೆಂಟ್‌ನ ಬಿಲ್ಲೆಗಳಾಗಿ ಕತ್ತರಿಸಿತು. ಆ ಅರ್ಧ ಸೆಂಟ್‌ಗಳ ಮೇಲೆ ಹಳೆಯ ಮುದ್ರೆಯ ಗುರುತು ಇಂದಿಗೂ ಸಿಗುತ್ತದೆ, ಅಂಚಿನ ಬರಹ ಮಾತ್ರ ಕತ್ತರಿಗೆ ಹೋಗಿದೆ. ಇಡಿಯಾಗಿ ಉಳಿದವುಗಳ ಅಂಚನ್ನಾದರೂ ನೋಡಲು ಬಿಡಬೇಕು.

ಇನ್ನು ನಿಮ್ಮ ಷರಾ. 1795ರ ಟೋಕನ್ನಿನ ಅಂಚಿನಲ್ಲಿ ಮೂರು ಅಕ್ಷರಗಳು ಒಂದರ ಮೇಲೊಂದು ಬಿದ್ದಿವೆ, ನಿಜ. ಅದು ಪೆಟ್ಟಲ್ಲ. ಅಂಚಿನ ಬರಹವನ್ನು ಮುಖ ಅಚ್ಚೊತ್ತುವ ಮೊದಲೇ, ಅಕ್ಷರ ಕೊರೆದ ಎರಡು ಪಟ್ಟಿಗಳ ನಡುವೆ ಬಿಲ್ಲೆಯನ್ನು ಉರುಳಿಸಿ ಮೂಡಿಸುತ್ತಿದ್ದರು. ಬಿಲ್ಲೆ ಒಂದಿಷ್ಟು ಚಿಕ್ಕದಾಗಿದ್ದರೆ ಅಥವಾ ಉರುಳುವಾಗ ಜಾರಿದರೆ ಕೊನೆಯ ಅಕ್ಷರಗಳು ಮೊದಲಿನವುಗಳ ಮೇಲೆ ಕೂರುತ್ತವೆ. ಪೆಟ್ಟು ಬಿದ್ದಿದ್ದರೆ ತಾಮ್ರ ಮುಖದ ಕಡೆಗೂ ಉಬ್ಬಿ, ಅಲ್ಲಿನ ಹಲ್ಲಿನಂಥ ಗೆರೆಗಳು ಜಜ್ಜಿರಬೇಕಿತ್ತು. ಇಲ್ಲಿ ಎರಡೂ ಕಡೆ ಆ ಗೆರೆಗಳು ನೆಟ್ಟಗಿವೆ. 10 ಪಟ್ಟು ದೊಡ್ಡದಾಗಿ ತೋರಿಸುವ ಲೂಪ್ (ಭೂತಗನ್ನಡಿ) ಹಿಡಿದು, ಪಕ್ಕದಿಂದ ಬೆಳಕು ಬಿಟ್ಟು ಒಂದು ಸುತ್ತು ತಿರುಗಿಸಿದರೆ ಸಾಕು, ವ್ಯತ್ಯಾಸ ತಿಳಿಯುತ್ತದೆ. ಈ ಷರಾದಿಂದ ಅಂಕಿಯ ದರ್ಜೆಯೇ ಸಿಗದೆ 'ಡೀಟೇಲ್ಸ್' ಎಂದಷ್ಟೇ ಲೇಬಲ್ ಬಂದಿದೆ. ಇದು ನಮಗೆ ಒಪ್ಪಿಗೆಯಿಲ್ಲ.

ಎರಡೂ ಸ್ಲ್ಯಾಬ್‌ಗಳನ್ನು ನಿಮ್ಮಲ್ಲೇ ಒಡೆಯಬೇಕು, ನಾವು ಒಡೆದರೆ ನಿಮ್ಮ ಹೊಣೆ ಮುಗಿಯುತ್ತದೆ. ನಾಲ್ಕು ಚಿಕ್ಕ ಹಿಡಿಕೆಗಳಲ್ಲಿ ನಿಲ್ಲಿಸಿ ಅಂಚು ತೋರಿಸುವ ಕವಚದಲ್ಲಿ ಮತ್ತೆ ಕೂರಿಸಿ, ಹಿಡಿಕೆಗಳು ಅಕ್ಷರಗಳ ನಡುವಿನ ಖಾಲಿ ಜಾಗಕ್ಕೆ ಬರುವಂತೆ ನೋಡಿಕೊಳ್ಳಿ. ಲೇಬಲ್ಲಿನಲ್ಲಿ ಅಂಚಿನ ಬರಹವನ್ನು ಪೂರ್ತಿ ನಮೂದಿಸಿ. 1795ರದ್ದನ್ನು ಮರುಪರಿಶೀಲಿಸಿ ಷರಾ ತೆಗೆಯಿರಿ. ಇದಕ್ಕೆ ಹೊಸ ಶುಲ್ಕ ಕೇಳಬಾರದು. ಈ ಕೆಲಸದ ನಡುವೆ ಯಾವುದೇ ಆಮ್ಲದ ದ್ರಾವಣ ತಾಕಿಸಕೂಡದು. ತಾಮ್ರದ ಹಳೆಯ ಕಂದು ಬಣ್ಣ ಒಮ್ಮೆ ಗುಲಾಬಿಗೆ ತಿರುಗಿದರೆ ಮತ್ತೆ ಬರುವುದಿಲ್ಲ.

ಸ್ಲ್ಯಾಬ್ ಬಿಚ್ಚಿದ ಮೇಲೆ ತಾತ್ಕಾಲಿಕವಾಗಿ ಇಡಲು ಮೆತ್ತನೆಯ ಪಿವಿಸಿ ಚೀಲ ಬಳಸಬೇಡಿ. ಅದು ಕಾಲಕ್ರಮದಲ್ಲಿ ಕೆಟ್ಟು ತಾಮ್ರದ ಮೇಲೆ ಹಸಿರು ಅಂಟು ಬಿಡುತ್ತದೆ. ಮೈಲಾರ್ (ಪಾಲಿಯೆಸ್ಟರ್ ಹಾಳೆಯ) ಚೀಲವಾದರೆ ಆಗಬಹುದು.

ಕಳಿಸುವ ಮುನ್ನ ತೆಗೆದ ಅಂಚಿನ ಫೋಟೋಗಳನ್ನೂ ರಸೀದಿಯ ಪ್ರತಿಯನ್ನೂ ಲಗತ್ತಿಸಿದ್ದೇವೆ. 30 ದಿನಗಳೊಳಗೆ ಲಿಖಿತ ಉತ್ತರ ಬಾರದಿದ್ದರೆ ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಅಡಿ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡುತ್ತೇವೆ.

ಇಂತಿ,
ಟೋಕನ್ ಸಂಗ್ರಾಹಕರ ಬಳಗದ ಪರವಾಗಿ