ಕೆಲಸದ ಗಂಟೆ ಬರೆದಿಟ್ಟುಕೋ

ಚಿ. ಮಂಜುಳಾಗೆ ಮಾವನ ಆಶೀರ್ವಾದಗಳು.

ನೀನು ಗಾರ್ಮೆಂಟ್ಸ್ ಕೆಲಸಕ್ಕೆ ಸೇರಿದ್ದು ಕೇಳಿ ಖುಷಿಯಾಯಿತು. ಆದರೆ ಶಿಫ್ಟ್ ಮುಗಿದ ಮೇಲೂ ದಿನಾ ಒಂದು ಗಂಟೆ ಕೂರಿಸುತ್ತಾರೆ, ಅದಕ್ಕೆ ದುಡ್ಡು ಕೊಡಲ್ಲ ಅಂದೆ. "ಹೋಗ್ಲಿ ಬಿಡಿ ಮಾವ" ಅಂತಲೂ ಅಂದೆ. ಆ ಮಾತು ನನಗೆ ಹಿಡಿಸಲಿಲ್ಲ.

ಮುಂಬೈಯಲ್ಲಿದ್ದಾಗ ಪರೇಲ್, ಲಾಲ್‌ಬಾಗ್ ಕಡೆಯ ಹಿರಿಯರಿಂದ ಗಿರಣಿಗಳ ಕತೆ ಕೇಳಿದ್ದೆ. ಆಮೇಲೆ ಓದಿಯೂ ತಿಳಿದುಕೊಂಡೆ. ಅಲ್ಲಿ 1850ರ ದಶಕದಲ್ಲಿ ಹತ್ತಿ ಗಿರಣಿಗಳು ಶುರುವಾದಾಗ ಗಡಿಯಾರದ ಲೆಕ್ಕವೇ ಇರಲಿಲ್ಲ. ಹೊತ್ತು ಹುಟ್ಟುವಾಗ ಒಳಗೆ ಹೋದರೆ ಹೊತ್ತು ಮುಳುಗಿದ ಮೇಲೇ ಹೊರಗೆ. ಕರೆಂಟ್ ದೀಪ ಬಂದ ಮೇಲಂತೂ ಕತ್ತಲಾದರೂ ಬಿಡುಗಡೆಯಿಲ್ಲ. 1905ರ ಸುಮಾರಿಗೆ ಕೆಲವು ಗಿರಣಿಗಳು 14-15 ಗಂಟೆ ನಡೆದವು.

ಕೆಲಸ ಸಿಗಬೇಕಾದರೆ ಆಳುಗಳನ್ನು ಸೇರಿಸಿಕೊಳ್ಳುವ ಮೇಸ್ತ್ರಿ, ಅಂದರೆ ಜಾಬರ್‌ನ ಕೈ ಬಿಸಿ ಮಾಡಬೇಕಿತ್ತು. ಸಂಬಳ ತಿಂಗಳು ಮುಗಿದು ಎಷ್ಟೋ ದಿನ ಆದ ಮೇಲೆ ಬರುತ್ತಿತ್ತು, ಅಲ್ಲಿವರೆಗೆ ದಿನಸಿ ಅಂಗಡಿಯ ಸಾಲ. ಕೂಲಿಯವರ ಬಾಡಿಗೆ ಸಾಲುಮನೆ, ಅಂದರೆ ಚಾಳ್‌ನ ಒಂದೇ ಕೋಣೆಯಲ್ಲಿ ಊರಿಂದ ಬಂದ ಎಷ್ಟೋ ಗಂಡಸರು ಪಾಳಿ ಪ್ರಕಾರ ಮಲಗುತ್ತಿದ್ದರು. ಊಟ ಹೆಂಗಸರು ನಡೆಸುವ ಖಾನಾವಳಿಯಲ್ಲಿ. ಗಿರಣಿಗೆ ಹೋಗುವ ತಾಯಂದಿರು ಕೂಸು ಸುಮ್ನೆ ಮಲಗಿರಲಿ ಅಂತ ಅಫೀಮಿನ ಗುಳಿಗೆ ಕೊಟ್ಟು ಹೋಗುತ್ತಿದ್ದರು. ಅವರನ್ನು ಬೈಯಬೇಡ. ಮಗುವನ್ನು ನೋಡಿಕೊಳ್ಳುವವರಿಲ್ಲ, ಕೆಲಸ ಬಿಟ್ಟರೆ ಊಟವಿಲ್ಲ. ಇನ್ನೇನು ಮಾಡಿಯಾರು?

1881ರಲ್ಲಿ ಕಾನೂನು ಬಂತು. ಏಳು ವರ್ಷದೊಳಗಿನ ಮಕ್ಕಳನ್ನು ಸೇರಿಸಬಾರದು ಅಂದಿತು. ದೊಡ್ಡವರ ಗಂಟೆಗಳ ಬಗ್ಗೆ ಏನೂ ಹೇಳಲಿಲ್ಲ. ಆಗ ನಾರಾಯಣ ಮೇಘಾಜಿ ಲೋಖಂಡೆ ಅನ್ನುವವರು ಕಾರ್ಮಿಕರನ್ನು ಸೇರಿಸಿದರು. 1884ರಲ್ಲಿ ಸುಮಾರು 5,500 ಜನ ಒಂದು ಮನವಿಗೆ ಸಹಿ ಹಾಕಿದರು. ಅವರು ಕೇಳಿದ್ದು ಏನು ಗೊತ್ತಾ? ಭಾನುವಾರ ರಜೆ, ಮಧ್ಯಾಹ್ನ ಅರ್ಧ ಗಂಟೆ ಬಿಡುವು, ಮುಂದಿನ ತಿಂಗಳ 15ರೊಳಗೆ ಸಂಬಳ. ಇಂಥವೇ! ಭಾನುವಾರದ ರಜೆಗೇ ಆರು ವರ್ಷ ಕಾದರು. 1890ರ ಏಪ್ರಿಲ್‌ನಲ್ಲಿ ದೊಡ್ಡ ಸಭೆ ನಡೆಯಿತು. ಅಲ್ಲಿ ಇಬ್ಬರು ಹೆಣ್ಣುಮಕ್ಕಳೂ ಎದ್ದು ನಿಂತು ಮಾತಾಡಿದರು. ಆ ಕಾಲದಲ್ಲಿ, ಗಿರಣಿ ಕೂಲಿಯವರು! ಜೂನ್‌ನಲ್ಲಿ ಮಾಲೀಕರ ಸಂಘ ಭಾನುವಾರದ ರಜೆ ಒಪ್ಪಿತು. ವಾರಕ್ಕೆ 48 ಗಂಟೆಯ ಮಿತಿ ಬರಲು 1946 ಆಗಬೇಕಾಯಿತು.

ಆದ್ದರಿಂದ ಆ ಒಂದು ಗಂಟೆಯನ್ನು ಬಿಟ್ಟುಕೊಡಬೇಡ. ಓಟಿಗೆ, ಅಂದರೆ ಹೆಚ್ಚುವರಿ ಹೊತ್ತಿನ ಕೆಲಸಕ್ಕೆ, ದುಪ್ಪಟ್ಟು ಕೂಲಿ ಕೊಡಬೇಕು ಅಂತ ಕಾನೂನೇ ಹೇಳುತ್ತದೆ. ಒಂದು ಸಣ್ಣ ನೋಟ್‌ಬುಕ್ ಇಟ್ಟುಕೊಂಡು ಒಳಗೆ ಹೋದ ಹೊತ್ತು, ಹೊರಗೆ ಬಂದ ಹೊತ್ತು ದಿನಾ ಬರಿ. ಸಂಬಳದ ಚೀಟಿ ಒಂದನ್ನೂ ಎಸೆಯಬೇಡ. ಒಬ್ಬಳೇ ಹೋಗಿ ಸೂಪರ್‌ವೈಸರ್ ಹತ್ತಿರ ಜಗಳ ಮಾಡಬೇಡ. ನಿನ್ನ ಲೈನಿನ ನಾಲ್ಕೈದು ಜನರೂ ಬರೆದಿಡಲಿ, ಆಮೇಲೆ ಎಲ್ಲರೂ ಒಟ್ಟಿಗೆ ಹೋಗಿ ಕೇಳಿ. ಈ ತಿಂಗಳ ಚೀಟಿಯ ಫೋಟೋ ಕಳಿಸು. ಲೆಕ್ಕ ಹಾಕಿ ನೋಡೋಣ.

ಇಂತಿ,
ನಿನ್ನ ಮಾವ