ಅಂಗಳಕ್ಕೆ ಅಂತ ಹೇಳಿಯೇ ಕೇಳಿದ್ದೆ: ಸ್ಪೀಕರ್ ಅಂಗಡಿಗೆ ಒಂದು ದೂರು

ಇವರಿಗೆ,
ವ್ಯವಸ್ಥಾಪಕರು,
ಆಡಿಯೊ ಮಾರಾಟ ಮತ್ತು ಅಳವಡಿಕೆ ವಿಭಾಗ,
ಮಂಗಳೂರು

ವಿಷಯ: ನಮ್ಮ ಮನೆಯ ಹೊರಗೆ ನೀವು ಹಾಕಿಕೊಟ್ಟ ನಾಲ್ಕು ಸ್ಪೀಕರ್, ಅದರ ವೈರಿಂಗ್ ಮತ್ತು ಬಿಲ್ ಬಗ್ಗೆ

ಮಾನ್ಯರೇ,

ಮಲ್ಪೆ ಹತ್ತಿರದ ನಮ್ಮ ಮನೆಯ ಅಂಗಳಕ್ಕೆ ಏಪ್ರಿಲ್‌ನಲ್ಲಿ ನಿಮ್ಮವರು ಬಂದು ನಾಲ್ಕು ಸ್ಪೀಕರ್ ಹಾಕಿ ಹೋದರು. ಈಗ ಆಗಸ್ಟ್. ಬಾವಿಕಟ್ಟೆ ಕಡೆಯ ಎರಡರಲ್ಲಿ ಒಂದು ಪೂರ್ತಿ ಸುಮ್ಮನಾಗಿದೆ, ಇನ್ನೊಂದು ಗರಗರ ಅನ್ನುತ್ತಿದೆ. ಜಗಲಿಯ ಎರಡು ಹಾಡುತ್ತವೆ. ಆದರೆ ಸ್ವಲ್ಪ ಜೋರು ಮಾಡಿದರೆ ಸಾಕು, ಆಂಪ್ (ಸ್ಪೀಕರ್‌ಗಳಿಗೆ ಶಕ್ತಿ ಕೊಡುವ ಆಂಪ್ಲಿಫೈಯರ್) ತಾನಾಗಿ ನಿಂತುಬಿಡುತ್ತದೆ. ಫೋನ್ ಮಾಡಿದಾಗೆಲ್ಲ ನಿಮ್ಮಲ್ಲಿ ಒಬ್ಬೊಬ್ಬರು ಒಂದೊಂದು ಕಾರಣ ಹೇಳುತ್ತಾರೆ. ಅದಕ್ಕೇ ಮೊದಲಿನಿಂದ ಎಲ್ಲವನ್ನೂ ಬರೆದು ಕಳಿಸುತ್ತಿದ್ದೇನೆ.

ನಮ್ಮ ಮನೆಯೊಳಗೆ ಸೋನೋಸ್ ವೈರ್‌ಲೆಸ್ ಸ್ಪೀಕರ್‌ಗಳಿವೆ. ಹಾಲ್, ಅಡುಗೆಮನೆ, ಅಪ್ಪನ ಕೋಣೆ ಎಲ್ಲ ಕಡೆ ಒಂದೇ ಹಾಡು ಒಂದೇ ಹೊತ್ತಿಗೆ ಬರುತ್ತದೆ. ಅದೇ ಹಾಡು ಅಂಗಳದಲ್ಲೂ ಕೇಳಬೇಕು, ಅಷ್ಟೇ ನಮಗೆ ಬೇಕಿದ್ದದ್ದು. ಮಂಡಿ ಆಪರೇಶನ್ ಆದ ಮೇಲೆ ಅಪ್ಪ ಸಂಜೆ ಹೊತ್ತು ಅಂಗಳದಲ್ಲಿ ನಡೆಯುತ್ತಾರೆ. ಬಾವಿಕಟ್ಟೆ ತನಕ ಹೋಗಿ, ಸ್ವಲ್ಪ ಕೂತು, ವಾಪಸ್ ಬರುತ್ತಾರೆ. ಯಕ್ಷಗಾನದ ಪದ ಕಿವಿಗೆ ಬೀಳುತ್ತಿದ್ದರೆ ನಾಲ್ಕು ಹೆಜ್ಜೆ ಜಾಸ್ತಿ ಹಾಕುತ್ತಾರೆ. ಬ್ಲೂಟೂತ್ ಸ್ಪೀಕರ್ ಬೇಡ ಅಂತ ಮೊದಲೇ ಹೇಳಿದ್ದೆ. ಫೋನ್ ಜೇಬಲ್ಲಿಟ್ಟುಕೊಂಡವರು ಒಳಗೆ ಹೋದರೆ ಹೊರಗಿನ ಹಾಡು ನಿಲ್ಲುತ್ತದೆ, ಆ ಕಿರಿಕಿರಿ ಅಪ್ಪನಿಗೆ ಆಗುವುದಿಲ್ಲ.

ಖರೀದಿಗೆ ಮುಂಚೆ ನಾನು ನಿಮಗೆ ವಾಟ್ಸಾಪ್‌ನಲ್ಲಿ ಬರೆದದ್ದು ಈಗಲೂ ಇದೆ. ಎರಡು ಸ್ಪೀಕರ್ ಜಗಲಿಯ ಕಂಬಕ್ಕೆ, ಇನ್ನೆರಡು ಬಾವಿಕಟ್ಟೆ ಪಕ್ಕದ ಕಾಂಪೌಂಡ್ ಗೋಡೆಗೆ. ಬಾವಿಕಟ್ಟೆ ಹತ್ತಿರ ತಲೆ ಮೇಲೆ ಮಾಡು ಇಲ್ಲ, ಮಳೆ ನೇರ ಬೀಳುತ್ತದೆ. ಸಮುದ್ರ ಒಂದು ಕಿಲೋಮೀಟರ್ ಕೂಡ ಇಲ್ಲ. ಆಂಪ್ ಇಡುವ ಹಾಲ್‌ನಿಂದ ಅಲ್ಲಿಗೆ ತಂತಿ 25 ಮೀಟರ್ ಬೇಕು. ಇಷ್ಟನ್ನೂ ಬರೆದು, ಫೋಟೊ ಹಾಕಿ, ಯಾರಾದರೂ ಒಮ್ಮೆ ಬಂದು ಜಾಗ ನೋಡಿ ಅಂತ ಕೇಳಿದ್ದೆ. "ಫೋಟೊ ಸಾಕು ಸರ್, ನಮಗೆ ಐಡಿಯಾ ಬಂತು" ಅಂತ ಉತ್ತರ ಬಂತು. ನನ್ನ ಇಡೀ ದೂರು ಇರುವುದು ಇಲ್ಲೇ. ಹೊರಗಿನ ಸ್ಪೀಕರ್ ಆರಿಸುವಾಗ ಮೊದಲು ನೋಡಬೇಕಾದದ್ದು ಜಾಗವನ್ನು. ಬ್ರ್ಯಾಂಡು, ವ್ಯಾಟು ಎಲ್ಲ ಆಮೇಲೆ. ನಿಮ್ಮವರು ಜಾಗ ನೋಡಲಿಲ್ಲ. ನಾನು ಬರೆದು ಕಳಿಸಿದ್ದನ್ನೂ ಓದಲಿಲ್ಲ.

ನಿಮ್ಮ ಅಂಗಡಿಗೆ ಬಂದಾಗ ನಾನು ಎರಡು ದಾರಿಯ ಬಗ್ಗೆ ವಿಚಾರಿಸಿದ್ದೆ. ಒಂದು, ಬ್ಯಾಟರಿ ಇರುವ ಸೋನೋಸ್ ಮೂವ್ ಥರದ್ದು. ಅದಕ್ಕೆ ನೀರು, ಧೂಳನ್ನು ಎಷ್ಟು ತಡೆಯುತ್ತದೆ ಅಂತ ಹೇಳುವ ಐಪಿ56 ರೇಟಿಂಗ್ ಇದೆ, ವೈ-ಫೈನಲ್ಲಿ ಒಳಗಿನ ಸ್ಪೀಕರ್‌ಗಳ ಜೊತೆಗೇ ಹಾಡುತ್ತದೆ, ಮಳೆ ಬಂದರೆ ಎತ್ತಿ ಒಳಗಿಡಬಹುದು. ಇನ್ನೊಂದು, ಸೋನೋಸ್ ಆಂಪ್ ಒಳಗಿಟ್ಟು ತಂತಿ ಎಳೆದು ಹೊರಗೆ ಸ್ಪೀಕರ್ ಹಾಕುವುದು. ಸೋನಾನ್ಸ್ ಅನ್ನುವ ಸ್ಪೀಕರ್ ಕಂಪನಿ ಜೊತೆ ಸೇರಿ ಸೋನೋಸ್‌ನವರೇ ಮಾಡಿದ ಹೊರಾಂಗಣ ಜೋಡಿ ಸಿಗುತ್ತದಾ ಅಂತಲೂ ಕೇಳಿದ್ದೆ. ಒಂದು ಆಂಪ್‌ಗೆ ಅಂಥ ಮೂರು ಜೋಡಿ ತನಕ ಹಾಕಬಹುದು. "ಅದು ಸುಮ್ನೆ ದುಬಾರಿ ಸರ್, ಅದೇ ಗುಣದ್ದು ಅರ್ಧ ಬೆಲೆಗೆ ಕೊಡ್ತೀವಿ" ಅಂದವರು ನಿಮ್ಮ ಕೌಂಟರ್‌ನಲ್ಲಿದ್ದವರು. ಹಾಗೆ ಸೋನೋಸ್ ಆಂಪ್‌ಗೆ ನಿಮ್ಮ ಸ್ಪೀಕರ್‌ಗಳನ್ನೇ ಹಾಕಿಸಿದೆ. ಆಂಪ್ ಬಗ್ಗೆ ನನಗೆ ತಕರಾರಿಲ್ಲ. ಎಡ, ಬಲ ಒಂದೊಂದು ಚಾನೆಲ್‌ಗೆ 125 ವ್ಯಾಟ್ ಕೊಡುವ ಒಳ್ಳೆಯ ವಸ್ತು ಅದು. ತಕರಾರು ಇರುವುದು ಅದಕ್ಕೆ ನೀವು ಕಟ್ಟಿದ ಸ್ಪೀಕರ್ ಮತ್ತು ತಂತಿಯ ಬಗ್ಗೆ.

ಕೊಟೇಶನ್‌ನಲ್ಲಿ ನೀವು ಬರೆದದ್ದು "ಔಟ್‌ಡೋರ್, ವಾಟರ್‌ಪ್ರೂಫ್". ಸ್ಪೀಕರ್ ಹಿಂದಿನ ಲೇಬಲ್‌ನಲ್ಲಿ ಇರುವುದು ಐಪಿಎಕ್ಸ್4. ಇದರಲ್ಲಿ 4 ಅಂದರೆ ಸುತ್ತಲಿಂದ ನೀರು ಸಿಡಿದರೆ ತಡೆಯುತ್ತದೆ ಅಂತ. 5 ಇದ್ದರೆ ಪೈಪಿನಿಂದ ಬಿಟ್ಟ ನೀರಿಗೂ ಪರೀಕ್ಷೆ ಆಗಿರುತ್ತದೆ. ಎಕ್ಸ್ ಇರುವ ಕಡೆ ಧೂಳಿನ ಅಂಕಿ ಇರಬೇಕಿತ್ತು, ಅದನ್ನು ಅವರು ಕೊಟ್ಟೇ ಇಲ್ಲ. ಇಂಥ ಸ್ಪೀಕರ್ ಜಗಲಿಯ ಮಾಡಿನ ಅಡಿಗೆ ಸರಿ. ಉಡುಪಿ ಕಡೆ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಬರುತ್ತದೆ, ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಗಾಳಿ ಎದ್ದಾಗ ಮಳೆ ಅಡ್ಡಡ್ಡ ಹೊಡೆಯುತ್ತದೆ. ನೀವೂ ಕರಾವಳಿಯವರೇ, ಇದನ್ನು ನಾನು ನಿಮಗೆ ವಿವರಿಸಬೇಕಾ? ವಾರಂಟಿ ಕಾರ್ಡಿನ ಹಿಂದೆ, ಕನ್ನಡಕ ಹಾಕಿದರೂ ಕಷ್ಟದಲ್ಲಿ ಕಾಣುವ ಅಕ್ಷರದಲ್ಲಿ, ನೇರ ಮಳೆ ತಾಗುವ ಜಾಗದಲ್ಲಿ ಹಾಕಿದರೆ ವಾರಂಟಿ ಇಲ್ಲ ಅಂತ ಇದೆ. ಅಂದರೆ ನಿಮ್ಮವರು ಮೊಳೆ ಹೊಡೆದ ದಿನವೇ ಆ ಎರಡು ಸ್ಪೀಕರ್‌ನ ವಾರಂಟಿ ಹೋಯಿತು.

ಉಪ್ಪಿನ ವಿಷಯ ಇದಕ್ಕಿಂತ ದೊಡ್ಡದು. ಐಪಿ ಅಂಕಿ ನೀರು, ಧೂಳಿನ ಬಗ್ಗೆ ಹೇಳುತ್ತದೆಯೇ ಹೊರತು ಉಪ್ಪುಗಾಳಿಗೆ ಲೋಹ ತಡೆಯುತ್ತದೋ ಇಲ್ಲವೋ ಅಂತ ಹೇಳುವುದಿಲ್ಲ. ಅದಕ್ಕೆ ಉಪ್ಪು ಸಿಂಪಡಿಸಿ ನೋಡುವ ಬೇರೆಯೇ ಪರೀಕ್ಷೆ ಇದೆ. ಸಮುದ್ರದ ಹತ್ತಿರ ಹಾಕುವ ಸ್ಪೀಕರ್‌ಗೆ ಅಲ್ಯೂಮಿನಿಯಂ ಜಾಲರಿ, ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂ, ಪ್ಲಾಸ್ಟಿಕ್ ಕೋನ್ (ಅದುರಿ ದನಿ ಹೊರಡಿಸುವ ಭಾಗ), ರಬ್ಬರ್ ಅಂಚು ಇರಬೇಕು. ನೀವು ಕೊಟ್ಟದ್ದರ ಜಾಲರಿ ಬಣ್ಣ ಬಳಿದ ಕಬ್ಬಿಣದ್ದು. ಜುಲೈ ಹೊತ್ತಿಗೆ ಬಣ್ಣ ಗುಳ್ಳೆ ಎದ್ದು, ಮುಟ್ಟಿದರೆ ಸಿಪ್ಪೆಯ ಹಾಗೆ ಉದುರುತ್ತಿತ್ತು. ಬ್ರಾಕೆಟ್‌ನ ಸ್ಕ್ರೂಗಳಿಂದ ಗೋಡೆ ಮೇಲೆ ತುಕ್ಕಿನ ಗೆರೆ ಇಳಿದಿದೆ. ಸತ್ತುಹೋದ ಸ್ಪೀಕರ್‌ನ ಜಾಲರಿಯನ್ನು ನಮ್ಮೂರಿನ ಎಲೆಕ್ಟ್ರಿಷಿಯನ್ ಬಿಚ್ಚಿ ತೋರಿಸಿದರು. ಒಳಗಿನ ಕೋನ್ ಕಾಗದದ್ದು. ಒದ್ದೆಯಾಗಿ ಉಬ್ಬಿ, ಅಂಚಿನಲ್ಲಿ ಬಿಟ್ಟುಕೊಂಡು, ಮೇಲೆ ಬಿಳಿ ಬೂಷ್ಟು ಹಿಡಿದಿತ್ತು. ಫೋನ್ ಮಾಡಿದರೆ ಮಳೆಗಾಲದಲ್ಲಿ ಪ್ಲಾಸ್ಟಿಕ್ ಕಟ್ಟಿ ಅಂತ ಹೇಳಿದರು ನಿಮ್ಮವರು. ಪ್ಲಾಸ್ಟಿಕ್ ಕಟ್ಟಿದ ಸ್ಪೀಕರ್‌ನಿಂದ ಹಾಡು ಹೇಗೆ ಬರುತ್ತದೆ, ಒಳಗೆ ಸೇರಿದ ತೇವ ಎಲ್ಲಿ ಹೋಗುತ್ತದೆ ಅಂತ ಕೇಳಿದ್ದಕ್ಕೆ ಉತ್ತರ ಬರಲಿಲ್ಲ.

ಇನ್ನು ಆಂಪ್ ನಿಲ್ಲುವ ವಿಷಯ. ಇದು ಮಳೆಯಿಂದ ಶುರುವಾದದ್ದಲ್ಲ, ಅಳವಡಿಸಿದ ವಾರದಲ್ಲೇ ಶುರುವಾಯಿತು. ಆಗಲೇ ನಿಮಗೆ ಬರೆದು ತಿಳಿಸಿದ್ದೇನೆ. ಬಂದ ಟೆಕ್ನಿಷಿಯನ್ ನೋಡಿ, ವೈ-ಫೈ ವೀಕ್ ಇದೆ, ವೈ-ಫೈಯನ್ನು ಮನೆಯಿಡೀ ಹರಡುವ ಮೆಶ್ ರೂಟರ್ ಹಾಕಿಸಿ ಅಂದರು, ಅದರ ಬೆಲೆಯನ್ನೂ ಹೇಳಿದರು. ನಮ್ಮ ಆಂಪ್ ಹಾಲ್‌ನಲ್ಲಿ ರೂಟರ್ ಪಕ್ಕದಲ್ಲೇ ಇದೆ, ನೆಟ್‌ವರ್ಕ್ ಕೇಬಲ್‌ನಲ್ಲೇ ಸಿಕ್ಕಿಸಿದೆ. ಹೊರಗಿನ ಸ್ಪೀಕರ್‌ಗಳಿಗೆ ಹೋಗುವುದು ತಂತಿ. ಅದರಲ್ಲಿ ವೈ-ಫೈ ಎಲ್ಲಿಂದ ಬಂತು? ಆಂಪ್ ನಿಂತಾಗಲೂ ಅಡುಗೆಮನೆಯ ಸ್ಪೀಕರ್ ಅದೇ ಹಾಡನ್ನು ಹಾಡುತ್ತಲೇ ಇರುತ್ತದೆ.

ನಿಜವಾದ ಕಾರಣ ಸ್ಪೀಕರ್ ಹಿಂದೆಯೇ ಬರೆದಿದೆ: 4 ಓಮ್. ಓಮ್ ಅಂದರೆ ಕರೆಂಟಿಗೆ ಇರುವ ತಡೆಯ ಅಳತೆ, ಅದು ಕಡಿಮೆ ಆದಷ್ಟೂ ಆಂಪ್‌ನಿಂದ ಕರೆಂಟು ಜಾಸ್ತಿ ಹೋಗುತ್ತದೆ. ಒಂದೊಂದು ಚಾನೆಲ್‌ಗೆ ಎರಡೆರಡು ಸ್ಪೀಕರ್ ಪ್ಯಾರಲಲ್ ಆಗಿ, ಅಂದರೆ ಎರಡನ್ನೂ ಅದೇ ಎರಡು ತುದಿಗಳಿಗೆ ಸೇರಿಸಿ ಕೊಟ್ಟಿದ್ದೀರಿ. 4 ಮತ್ತು 4 ಹಾಗೆ ಸೇರಿದರೆ 2 ಓಮ್ ಆಗುತ್ತದೆ. ದೂರದ ತಂತಿಯ ತಡೆಯನ್ನು ಸೇರಿಸಿ ಲೆಕ್ಕ ಹಾಕಿದರೂ ಎರಡೂವರೆ ದಾಟುವುದಿಲ್ಲ. ಆಂಪ್‌ಗೆ 4 ಓಮ್‌ಗಿಂತ ಕಡಿಮೆ ಕೊಡುವ ಹಾಗಿಲ್ಲ. ದನಿ ಏರಿಸಿದ ಕೂಡಲೇ ಕರೆಂಟು ಜಾಸ್ತಿ ಎಳೆದು, ತನ್ನನ್ನು ಉಳಿಸಿಕೊಳ್ಳಲು ಅದು ನಿಲ್ಲುತ್ತದೆ. 8 ಓಮ್‌ನ ಸ್ಪೀಕರ್ ಕೊಟ್ಟಿದ್ದರೆ ಎರಡು ಸೇರಿ 4 ಆಗುತ್ತಿತ್ತು, ಏನೂ ತೊಂದರೆ ಇರುತ್ತಿರಲಿಲ್ಲ. ಎಲೆಕ್ಟ್ರಿಷಿಯನ್ ಬಾವಿಕಟ್ಟೆಯ ಜೋಡಿಯನ್ನು ಬಿಡಿಸಿ ನೋಡಿದರು. ಜಗಲಿಯ ಜೋಡಿ ಅದೇ ವಾಲ್ಯೂಮ್‌ನಲ್ಲಿ ಸಂಜೆಯಿಡೀ ಹಾಡಿತು, ಆಂಪ್ ಒಮ್ಮೆಯೂ ನಿಲ್ಲಲಿಲ್ಲ. ಸ್ಪೀಕರ್ ಮಾರುವುದೇ ಕೆಲಸ ಆಗಿರುವವರಿಗೆ ಇದು ಮೊದಲ ಪಾಠ. ಗೊತ್ತಿಲ್ಲದೆ ಮಾಡಿದ್ದರೆ ಬೇಸರ. ಗೊತ್ತಿದ್ದೂ ರೂಟರ್ ಮಾರಲು ನೋಡಿದ್ದರೆ ಅದು ಮೋಸ.

ತಂತಿಯ ವಿಷಯಕ್ಕೆ ನನಗೆ ಸಿಟ್ಟು ಜಾಸ್ತಿ. ಬಿಲ್‌ನಲ್ಲಿ 2.5 ಚದರ ಮಿಲಿಮೀಟರ್ ತಾಮ್ರದ ಸ್ಪೀಕರ್ ಕೇಬಲ್, 80 ಮೀಟರ್, 11,200 ರೂಪಾಯಿ ಅಂತ ಇದೆ. ಗೋಡೆ ಮೇಲೆ ಇರುವ ತಂತಿಯಲ್ಲಿ ಮೀಟರ್‌ಗೊಮ್ಮೆ ಅಚ್ಚಾಗಿರುವುದು 0.5. ಬಾವಿಕಟ್ಟೆಗೆ 25 ಮೀಟರ್, ಹೋಗಿ ಬರುವ ಎರಡೂ ಎಳೆ ಸೇರಿ 50 ಮೀಟರ್. 2.5ರ ತಂತಿಯಾಗಿದ್ದರೆ ಅದರ ತಡೆ ಸುಮಾರು 0.35 ಓಮ್. 0.5ರದ್ದು 1.7 ಓಮ್. ನಾಲ್ಕು ಓಮ್ ಸ್ಪೀಕರ್‌ಗೆ ಹೋಗಬೇಕಾದ ಶಕ್ತಿಯಲ್ಲಿ ಹತ್ತಿರ ಹತ್ತಿರ ಮೂರನೇ ಒಂದು ಭಾಗ ದಾರಿಯಲ್ಲೇ ತಂತಿ ಬಿಸಿ ಮಾಡಲು ಹೋಗುತ್ತಿದೆ. ಪೈಪ್ ಹಾಕದೆ ಬರೀ ಕ್ಲಿಪ್ ಹೊಡೆದು ಬಿಸಿಲಿಗೆ ಬಿಟ್ಟಿದ್ದೀರಿ, ಮೇಲಿನ ಕವಚ ಈಗಲೇ ಬಿರುಕು ಬಿಟ್ಟಿದೆ. ಬಾವಿಕಟ್ಟೆ ಹತ್ತಿರ ತಂತಿ ಜೋಡಿಸಿದ ಕಡೆ ಬಾಕ್ಸ್ ಇಲ್ಲ, ಬರೀ ಇನ್ಸುಲೇಶನ್ ಟೇಪ್. ಟೇಪ್ ಬಿಚ್ಚಿದಾಗ ನೀರು ತೊಟ್ಟಿಕ್ಕಿತು. ತಾಮ್ರ ಕಪ್ಪಗಾಗಿ ತುದಿಯಲ್ಲಿ ಹಸಿರು ಪುಡಿ ಕಟ್ಟಿತ್ತು. ಅದರ ಒಂದು ತುಂಡನ್ನು ಈ ಪತ್ರದ ಜೊತೆ ಕಳಿಸಿದ್ದೇನೆ. ಅಚ್ಚಾಗಿರುವ 0.5 ಅದರಲ್ಲಿ ಚೆನ್ನಾಗಿ ಕಾಣುತ್ತದೆ.

ಇದರ ಫಲವನ್ನು ಪಕ್ಕದ ಮನೆಯವರೂ ಅನುಭವಿಸಿದ್ದಾರೆ. ಬಯಲಲ್ಲಿ ದೂರ ಎರಡು ಪಾಲು ಆದಾಗೆಲ್ಲ ದನಿ 6 ಡೆಸಿಬೆಲ್ ಇಳಿಯುತ್ತದೆ, ಒಳಗಿನ ಹಾಗೆ ಅದನ್ನು ಹಿಡಿದು ವಾಪಸ್ ಕೊಡಲು ಗೋಡೆ, ಚಾವಣಿ ಇರುವುದಿಲ್ಲ. ಅದಕ್ಕೇ ನಾನು ನಾಲ್ಕು ಸ್ಪೀಕರ್ ಕೇಳಿದ್ದು. ನಾಲ್ಕೂ ಮೆಲ್ಲಗೆ ಹಾಡಿದರೆ ಅಂಗಳ ಪೂರ್ತಿ ಸಮನಾಗಿ ಕೇಳುತ್ತದೆ, ಕಾಂಪೌಂಡ್ ಆಚೆ ಹೋಗುವುದಿಲ್ಲ ಅಂತ. ನೀವು ಮಾಡಿಟ್ಟದ್ದರಲ್ಲಿ ಬಾವಿಕಟ್ಟೆಯಲ್ಲಿ ಅಪ್ಪನಿಗೆ ಪದ ಕೇಳಬೇಕಾದರೆ ಜಗಲಿಯ ಎರಡು ಕಿರುಚಬೇಕು. ಆ ಎರಡನ್ನು ತಿರುಗಿಸಿರುವುದು ನೇರ ಪಕ್ಕದ ಮನೆಯ ಕಿಟಕಿಗೆ. ಅವರ ಮಗಳು ಪಿಯುಸಿ ಎರಡನೇ ವರ್ಷ. "ಅಣ್ಣಾ, ಸ್ವಲ್ಪ ಕಮ್ಮಿ ಮಾಡ್ತೀರಾ" ಅಂತ ಆ ಹುಡುಗಿ ಬಂದು ಕೇಳಿದಾಗ ಅಪ್ಪನಿಗೆ ಎಷ್ಟು ನಾಚಿಕೆ ಆಯಿತು ಅಂದರೆ, ಅವತ್ತಿನಿಂದ ಅವರು ಹಾಡು ಹಾಕಲು ಬಿಡುತ್ತಿಲ್ಲ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 10ರಿಂದ ಬೆಳಗ್ಗೆ 6ರ ತನಕ 45 ಡೆಸಿಬೆಲ್ ಮಿತಿ. ಮನೆಯ ಸೌಂಡ್ ಸಿಸ್ಟಂನ ದನಿ ಗಡಿಯಲ್ಲಿ ಅದಕ್ಕಿಂತ 5 ಡೆಸಿಬೆಲ್ ಮೇಲೆ ಹೋಗಬಾರದು. ಸ್ಪೀಕರ್ ಯಾವ ಕಡೆ ಮುಖ ಮಾಡಬೇಕು ಅಂತ ಅದನ್ನು ಹಾಕುವವರು ಯೋಚಿಸಬೇಕಿತ್ತು ಅಲ್ವಾ?

ಈಗ ನನಗೆ ಬೇಕಾದದ್ದು ಇಷ್ಟು. ನಾಲ್ಕೂ ಸ್ಪೀಕರ್ ಬಿಚ್ಚಿಕೊಂಡು ಹೋಗಿ ಅದರ 36,000 ರೂಪಾಯಿ ವಾಪಸ್ ಕೊಡಿ. ಹಾಕದೇ ಇರುವ ಕೇಬಲ್‌ಗೆ ತೆಗೆದುಕೊಂಡ 11,200 ರೂಪಾಯಿ ಮತ್ತು ಅಳವಡಿಕೆಯ 6,000 ರೂಪಾಯಿ ಕೂಡ ಕೊಡಿ. ಒಟ್ಟು 53,200. ಗೋಡೆಯ ತೂತು ಮುಚ್ಚಿ, ತುಕ್ಕಿನ ಕಲೆ ತೆಗೆದು ಬಣ್ಣ ಹಚ್ಚಿಸಿಕೊಡಿ. ಹಣ ಕೊಡುವ ಬದಲು ಕೆಲಸವನ್ನೇ ಸರಿ ಮಾಡಿಕೊಡುತ್ತೇವೆ ಅಂತ ನೀವು ಅಂದರೂ ನಾನು ಒಪ್ಪುತ್ತೇನೆ. ಆದರೆ ಆಗ ಉಪ್ಪುಗಾಳಿಗೆ ತಡೆಯುವ, ನೇರ ಮಳೆಗೂ ವಾರಂಟಿ ಇರುವ, 8 ಓಮ್‌ನ ಸ್ಪೀಕರ್‌ಗಳೇ ಬೇಕು. 2.5ರ ತಂತಿ ಪೈಪಿನೊಳಗೆ ಬರಬೇಕು, ಜೋಡಣೆಗೆ ನೀರು ಹೋಗದ ಬಾಕ್ಸ್ ಬೇಕು. ಇದನ್ನೆಲ್ಲ ಕೊಟೇಶನ್‌ನಲ್ಲಿ ಬರೆದು ಸಹಿ ಮಾಡಿ ಕೊಡಬೇಕು.

"ಮಾರಿದ ಮಾಲು ವಾಪಸ್ ಇಲ್ಲ" ಅಂತ ನಿಮ್ಮ ಬಿಲ್ ಕೆಳಗೆ ಅಚ್ಚಾಗಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ದೋಷ ಇರುವ ಮಾಲನ್ನು ವಾಪಸ್ ಪಡೆಯದೆ ಇರುವುದನ್ನು ಅನುಚಿತ ವ್ಯಾಪಾರ ಪದ್ಧತಿ ಅನ್ನುತ್ತದೆ. ಬಿಲ್‌ನಲ್ಲಿ ಅವಧಿ ಹೇಳಿರದಿದ್ದರೆ 30 ದಿನ ಅಂತ ಲೆಕ್ಕ. ನನ್ನ ಮೊದಲ ದೂರು ಅದರೊಳಗೇ ನಿಮಗೆ ತಲುಪಿದೆ, ನೋಡಿದ ನೀಲಿ ಗುರುತೂ ಇದೆ. ಈ ಪತ್ರ ಸಿಕ್ಕಿ ಹದಿನೈದು ದಿನದಲ್ಲಿ ಬರಹದಲ್ಲಿ ಉತ್ತರ ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸುತ್ತೇನೆ. ಆಮೇಲೂ ಆಗದಿದ್ದರೆ ಉಡುಪಿಯ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. ಅಂಗಡಿ ಮಂಗಳೂರಿನಲ್ಲಿದ್ದರೂ ನಾನು ವಾಸ ಇರುವ ಕಡೆಯೇ ದೂರು ಕೊಡಬಹುದು. 5 ಲಕ್ಷದ ಒಳಗಿನ ವ್ಯವಹಾರಕ್ಕೆ ಶುಲ್ಕವೂ ಇಲ್ಲ. ಅಲ್ಲಿ ತನಕ ಹೋಗುವುದು ನನಗೆ ಇಷ್ಟವಿಲ್ಲ.

ಬಿಲ್, ಕೊಟೇಶನ್, ವಾಟ್ಸಾಪ್ ಸಂದೇಶಗಳ ಪ್ರತಿ, ಫೋಟೊಗಳು ಮತ್ತು ತಂತಿಯ ತುಂಡು ಜೊತೆಗಿವೆ. ನೋಡಲು ಬರುವುದಾದರೆ ಹಿಂದಿನ ದಿನ ಫೋನ್ ಮಾಡಿ, ಎಲೆಕ್ಟ್ರಿಷಿಯನ್‌ಗೂ ಬರಲು ಹೇಳುತ್ತೇನೆ. ಓಮ್ ಲೆಕ್ಕ ಗೊತ್ತಿರುವ ಒಬ್ಬರನ್ನು ಕಳಿಸಿ, ಮಲ್ಟಿಮೀಟರ್ ತರಲು ಹೇಳಿ.

ಇಂತಿ,
ನಿಮ್ಮ ಗ್ರಾಹಕ,
ಮಲ್ಪೆ, ಉಡುಪಿ ಜಿಲ್ಲೆ